ಉಸಿರಣ್ಣ ಅಂಟಿಸಿದ ಐದು ಸಿಟ್ಟುಗಳು

ಉಸಿರಣ್ಣನಿಗೆ ಆ ಭಾನುವಾರ ಸಿಟ್ಟು ಬಂದಾಗ ಬಾಯಲ್ಲಿ ತುತ್ತು ಇತ್ತು. ಹಾಗಾಗಿ ಸಿಟ್ಟು ಹೊರಗೆ ಬರಲಾಗದೆ ತುತ್ತಿನ ಜೊತೆಗೇ ಒಳಗಿಳಿಯಿತು. ಅದು ಅಲ್ಲೇ ಜೀರ್ಣವಾಗಿದ್ದರೆ ಒಬ್ಬ ಹಲ್ಲಿನ ಡಾಕ್ಟರ ವ್ಯಾಪಾರ, ಒಂದು ನಗೆಕೂಟದ ಒಗ್ಗಟ್ಟು ಮತ್ತು ಅವನ ಹೆಂಡತಿಯ ದವಡೆ, ಮೂರೂ ಉಳಿಯುತ್ತಿದ್ದವು. ಜೀರ್ಣವಾಗಲಿಲ್ಲ.

ಸಿಟ್ಟು ತರಿಸಿದವರು ಹೆಂಡತಿಯ ಅಣ್ಣ. ಮುಖ್ಯರಸ್ತೆಯಲ್ಲಿ ಉದ್ದನೆಯ ಗಾಜಿನ ಫೋಟೋ ಸ್ಟುಡಿಯೋ ಇಟ್ಟವರು. ಬಂದವರ ಮೊಡವೆ ಅಳಿಸಿ, ಗಲ್ಲ ಕರಗಿಸಿ, ಹೆತ್ತ ತಾಯಿಗೂ ಗುರುತು ಸಿಗದಷ್ಟು ಚೆಂದ ಮಾಡಿ ಕೊಡುವುದರಲ್ಲಿ ಎತ್ತಿದ ಕೈ. ಊಟಕ್ಕೆ ಬಂದವರು ಉಸಿರಣ್ಣನ ಹೊಸ ಕ್ಯಾಮೆರಾವನ್ನು ಎಡಗೈಯಲ್ಲೇ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಹಳಸಿದ ಪದಾರ್ಥವನ್ನು ಕೆಳಗಿಡುವ ಹಾಗೆ ಇಟ್ಟರು.

"ಅಳಿಯಂದ್ರೇ, ಇದರಲ್ಲಿ ಚರ್ಮ ಬೀಳತ್ತೆ, ಗೊತ್ತಲ್ಲ? ನಿಮಗೆ ಮೂಳೆ ಮಾತ್ರ ಅಭ್ಯಾಸ."

ತಂಗಿಯ ಗಂಡನನ್ನು ಅವರು ಮನೆಯ ಅಳಿಯನೆಂಬ ಗೌರವದಿಂದ ಹೀಗೆ ಕರೆಯುತ್ತಿದ್ದರು. ಗೌರವ ಆ ಒಂದು ಪದದಲ್ಲೇ ಮುಗಿದುಹೋಗುತ್ತಿತ್ತು.

ಹೆಂಡತಿ ನಕ್ಕಳು. ನಿಜವಾಗಿ ಉರಿಸಿದ್ದು ಅದು.

ಉಸಿರಣ್ಣ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. "ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ, ಅಲ್ಲಾಡಬೇಡಿ, ಹಾಂ ಬಿಡಿ" ಎಂದು ಅವನು ದಿನವೂ ಎಷ್ಟು ಜನರಿಗೆ ಹೇಳುತ್ತಿದ್ದನೆಂದರೆ, ಊರಿಗೆ ಅವನ ಸ್ವಂತ ಹೆಸರೇ ಮರೆತುಹೋಗಿತ್ತು. ಕೆಲಸದಲ್ಲಿ ಅವನು ಕಟ್ಟುನಿಟ್ಟು. ಪ್ರತಿ ಫಿಲ್ಮಿನ ಅಂಚಿಗೂ ಎಡ ಯಾವುದು, ಬಲ ಯಾವುದು ಎಂದು ತೋರಿಸುವ ಪುಟ್ಟ ಸೀಸದ ಅಕ್ಷರ ಇಡದೆ ಗುಂಡಿ ಒತ್ತಿದವನಲ್ಲ. ಒಬ್ಬರ ಎಡಗಾಲಿನ ಚಿತ್ರ ಇನ್ನೊಬ್ಬರ ಬಲಗಾಲಿಗೆ ಹೋದದ್ದು ಅವನ ಕಾಲದಲ್ಲಿ ಇಲ್ಲವೇ ಇಲ್ಲ. ಒಂದೇ ಕುಂದು ಎಂದರೆ ಅವನಿಗೆ ಮುಖ ನೆನಪಿರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಕಕ್ಕಾಬಿಕ್ಕಿಯಾಗುತ್ತಿದ್ದ, ಅವರು ಕುಂಟುತ್ತ ಇಳಿದು ಹೋಗುವಾಗ, "ಓಹೋ, ಮಂಡಿಚಿಪ್ಪು!" ಎಂದು ಗುರುತು ಹಿಡಿಯುತ್ತಿದ್ದ.

ಇಂಥವನಿಗೆ ಅಪರಿಚಿತರ ಮುಖ ತೆಗೆಯುವ ಹುಚ್ಚು ಹಿಡಿದಿತ್ತು. ಬೀದಿಯಲ್ಲಿ ಸಿಕ್ಕವರ ಜೊತೆ ನಾಲ್ಕು ಮಾತಾಡಿ, ಅವರ ಫೋಟೋ ತೆಗೆದು, ಅದರ ಕೆಳಗೆ ಅವರು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ಗುಂಡಿ ಒತ್ತುವ ಗಳಿಗೆಗೆ ಸರಿಯಾಗಿ ಬಾಯಿಂದ "ಉಸಿರು ಬಿಗಿ ಹಿಡೀರಿ" ಎಂದು ತಾನಾಗಿ ಬಂದುಬಿಡುತ್ತಿತ್ತು. ಜನರೂ ಹಿಡಿಯುತ್ತಿದ್ದರು.

"ಇವರೆಲ್ಲ ಯಾಕೆ ನೀರಲ್ಲಿ ಮುಳುಗ್ತಾ ಇರೋರ ಥರ ಕಾಣ್ತಾರೆ?" ಎಂದರು ಭಾವ, ಚಿತ್ರಗಳನ್ನು ಸರಿಸುತ್ತ.

ತುತ್ತು ಅಷ್ಟು ಹೊತ್ತಿಗೆ ಇಳಿದಿತ್ತು. "ಭಾವ, ನಿಮ್ಮ ಫೋಟೋದಲ್ಲಿ ಇರೋದು ಪೌಡರು. ನನ್ನದರಲ್ಲಿ ಇರೋದು ಮನುಷ್ಯ!"

"ಹೌದಾ? ಹಾಗಾದ್ರೆ ನನ್ನ ಅಂಗಡಿ ಗಾಜು ಒಂದು ವಾರ ನಿಮಗೆ. ನಿಮ್ಮ ಮನುಷ್ಯರನ್ನ ಅಂಟಿಸಿ. ಯಾರೂ ತಪ್ಪು ಅನ್ನದಿದ್ರೆ ಆ ಗಾಜು ಕಾಯಂ ನಿಮ್ಮದೇ. ತಪ್ಪು ಅಂತ ಸಾಬೀತಾಯ್ತೋ, ಈ ಕ್ಯಾಮೆರಾ ನನ್ನ ಕಪಾಟಿಗೆ. ಆಮೇಲೆ ಬೀದೀಲಿ ಯಾರ ಮುಖಕ್ಕೂ ಏನನ್ನೂ ಹಿಡೀಬಾರದು. ಇನ್ನೊಂದು ಮಾತು. ಅಂಟಿಸಿದ ಮೇಲೆ ವಾರ ಮುಗಿಯೋ ತನಕ ನೀವು ಅಂಗಡಿ ಕಡೆ ತಲೆ ಹಾಕಬಾರದು. ಅಲ್ಲೇ ನಿಂತು ಬಂದೋರಿಗೆಲ್ಲ ವಿವರಣೆ ಕೊಡ್ತೀರಿ, ಪಾಪ ಅಂತ ಅವರೂ ಚೆನ್ನಾಗಿದೆ ಅಂದ್ಬಿಡ್ತಾರೆ."

"ಒಪ್ಪಿದೆ!" ಎಂದು ಉಸಿರಣ್ಣ ಮೇಜು ಗುದ್ದಿದ. ನೀರಿನ ಲೋಟ ಬಿದ್ದದ್ದು ಹೆಂಡತಿಯ ಮಡಿಲಿಗೆ. ಆ ವಾರದ ಮೊದಲ ಬೈಗುಳ ಅಲ್ಲಿಂದಲೇ ಶುರುವಾಯಿತು.

ಮೊದಲು ಅವನು ಎಲ್ಲರನ್ನೂ "ನಿಮ್ಮ ಜೀವನದಲ್ಲಿ ಸಂತೋಷದ ಸಂಗತಿ ಯಾವುದು?" ಎಂದು ಕೇಳುತ್ತ ಹೋದ. ಜನ ಗಡಿಯಾರ ನೋಡಿಕೊಂಡರು. ಒಬ್ಬರು ಅವನನ್ನು ವಿಮೆಯವನೆಂದು ತಿಳಿದು ಬಾಗಿಲು ಹಾಕಿಕೊಂಡರು. ಬೇಸತ್ತು ಒಂದು ದಿನ, "ಹೋಗ್ಲಿ, ಸಿಟ್ಟು ಬರೋ ಸಂಗತಿಯಾದ್ರೂ ಹೇಳಿ" ಎಂದ. ಅಲ್ಲಿಂದ ಮುಂದೆ ಅವನಿಗೆ ಕೂರಲು ಕುರ್ಚಿ ಸಿಗತೊಡಗಿತು. ಕೆಲಸ ಬಿಟ್ಟು ಜನ ಮಾತಾಡಿದರು. ಹೊರಟವನನ್ನು ಮತ್ತೆ ಕರೆದು, "ಇನ್ನೊಂದು ಬಾಕಿ ಇತ್ತು" ಎಂದರು.

ಹೀಗೆ ಐದು ಜನರನ್ನು ಆರಿಸಿದ. ಒಂದನೆಯವರು ಟಪಾಲು ಕಚೇರಿಯ ಪಾರ್ಸಲ್ ಕೌಂಟರಿನ ಅಮ್ಮ. ಮಾತಾಡಿದರೆ ಎದುರಿನವರಿಗೆ ತೊಂದರೆಯಾದೀತೇನೋ ಎನ್ನುವಷ್ಟು ಸಣ್ಣ ದನಿ. ಇವರ ಮುಖ ಉಸಿರಣ್ಣನಿಗೆ ಹೊಸದು, ಮೊಣಕೈ ಹಳೆಯದು. ಎರಡು ಸಲ ಎಕ್ಸ್‌ರೇಗೆ ಬಂದಿತ್ತು. ಅವರೆಂದರು: "ನನಗೆ ಸಿಟ್ಟು ಅಂತ ಏನಿಲ್ಲ. ಬಾಗಿಲ ಹಿಂದೆ ನನ್ನ ಮೇಜು. ಯಾರು ಬಾಗಿಲು ತೆಗೆದ್ರೂ ಮೊಣಕೈಗೆ ಬಡಿಯತ್ತೆ. ಎಷ್ಟೋ ವರ್ಷದಿಂದ ಹೇಳ್ತಾ ಇದೀನಿ. ಇರ್ಲಿ ಬಿಡಿ."

ಎರಡನೆಯವರು ಹಲ್ಲಿನ ಡಾಕ್ಟರು. "ಅಳೋರನ್ನ ಕಂಡ್ರೆ ಸಿಟ್ಟು. ಬಿಗಿಯಾಗಿ ಹಿಡ್ಕೊಂಡು ಎಳೆದ್ರೆ ಅರ್ಧ ನಿಮಿಷದ ಕೆಲಸ. ನೋವಾಗಲ್ಲ ಅಂತ ಹೇಳ್ತೀನಿ, ನಂಬ್ಕೊಂಡು ಬರ್ತಾವೆ."

ಮೂರನೆಯವರು ಪಾರ್ಕಿನ ನಗೆಕೂಟದ ಅಧ್ಯಕ್ಷರು. ದಿನಾ ಬೆಳಿಗ್ಗೆ ಹಿರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೊಟ್ಟೆ ಹಿಡಿದು ನಗಿಸುವವರು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಅವರು ಹೇಳಿದ್ದು: "ಬೆಳಿಗ್ಗೆ ಬೆಳಿಗ್ಗೆ ಕಾರಣ ಇಲ್ದೆ ನಗೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯತ್ತೆ. ಒಂದೊಂದು ಮುಖಕ್ಕೂ ಒಂದೊಂದು ಬಿಂದಿಗೆ ನೀರು ಎರಚಬೇಕು ಅನ್ಸತ್ತೆ."

ನಾಲ್ಕನೆಯವನು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಚಾಲಕ. "ಹತ್ತಿದಾಗಿಂದ ಇಳಿಯೋ ತನಕ ಕಿರುಚಾಟ. ಒಂದಿನ ಎಲ್ಲರ ಬಾಯಿಗೂ ಟೇಪು ಸುತ್ತಿ ಕೂರಿಸ್ತೀನಿ, ನೋಡ್ತಾ ಇರಿ."

ಐದನೆಯವನು ಗೇಟು, ಗ್ರಿಲ್ಲು ಮಾಡುವ ವೆಲ್ಡರು. ಕಂಬದಂಥ ಆಳು, ಅಂಗಡಿ ಮುಂದೆ ಗಾಡಿ ನಿಲ್ಲಿಸುವವರ ಮೇಲೆ ಅವನ ಕೋಪ. "ನನ್ನ ಜಾಗಕ್ಕೆ ಅಡ್ಡ ಬಂದೋರ ಮೂಳೆ ಒಂದೊಂದೇ ಎಣಿಸಿ ಅವರ ಕೈಗೇ ಕೊಡ್ತೀನಿ. ಕೆಲವರನ್ನ ಗುರುತು ಮಾಡಿ ಇಟ್ಟಿದೀನಿ. ಸಮಯ ನೋಡ್ತಾ ಇದೀನಿ." ಮೂಳೆಯ ಮಾತು ಬಂದದ್ದರಿಂದ ಇದು ಉಸಿರಣ್ಣನಿಗೆ ಬಹಳ ಹಿಡಿಸಿತು.

ಶನಿವಾರ ಸಂಜೆ ಅಂಟಿಸುವ ಕೆಲಸ. ಭಾವನವರು ಗಾಜಿನ ಹೊರಮೈಗೆ, ಮೋಡಗಳ ಚಿತ್ರ ಬರೆದ ತಮ್ಮ ಹಳೆಯ ಸ್ಟುಡಿಯೋ ಪರದೆಯನ್ನು ಆಗಲೇ ಇಳಿಬಿಟ್ಟಿದ್ದರು, ಬೆಳಿಗ್ಗೆ ಅನಾವರಣಕ್ಕೆಂದು. ಉಸಿರಣ್ಣ ಅಂಗಡಿಯ ಒಳಗೆ ನಿಂತು, ಫೋಟೋಗಳ ಮುಖ ಬೀದಿಗೆ ಕಾಣುವಂತೆ, ಬೆನ್ನಿನ ಮೇಲೆ ಬರೆದ ಅಂಕಿ ನೋಡಿಕೊಂಡು, ತನ್ನ ಎಡಗಡೆಯಿಂದ ಒಂದು, ಎರಡು, ಮೂರು ಎಂದು ಐದನ್ನೂ ಅಂಟಿಸಿದ. ಮಾತುಗಳ ಚೀಟಿಗಳು ಇನ್ನೂ ಕೈಯಲ್ಲೇ ಇದ್ದವು. ಭಾವ ಬೀಗದ ಕೈ ಅಲ್ಲಾಡಿಸಿದರು.

"ಹೊರಡಿ ಹೊರಡಿ. ಬಾಗಿಲು ಹಾಕ್ಬೇಕು."

"ಚೀಟಿ ಬಾಕಿ ಇದೆ ಭಾವ."

"ಹೊರಗಿಂದ ಅಂಟಿಸ್ಕೊಳ್ಳಿ. ಗಾಜಿಗೆ ಎರಡು ಕಡೆ ಇದೆ."

ಉಸಿರಣ್ಣ ಹೊರಗೆ ಬಂದ. ಪರದೆಯ ಕೆಳಗೆ ಗೇಣಗಲ ಗಾಜು ಕಾಣುತ್ತಿತ್ತು. ಅಲ್ಲಿ ತನ್ನ ಎಡಗಡೆಯಿಂದ ಒಂದು, ಎರಡು, ಮೂರು ಎಂದು ಐದು ಚೀಟಿಯನ್ನೂ ಅಂಟಿಸಿ, ಕೈ ಒರೆಸಿಕೊಂಡು, ತೃಪ್ತಿಯಿಂದ ಮನೆಗೆ ಹೋದ. ಒಳಗೆ ನಿಂತವನ ಎಡ ಹೊರಗೆ ಬಂದಾಗ ಬಲವಾಗುತ್ತದೆ ಎಂಬುದು ಭೌತಶಾಸ್ತ್ರದ ಸಂಗತಿಯೂ ಅಲ್ಲ, ಬರಿಯ ಬಾಗಿಲಿನ ಸಂಗತಿ. ಎಡ-ಬಲಗಳ ಮೇಲೆಯೇ ಬದುಕು ಕಟ್ಟಿಕೊಂಡಿದ್ದ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಗಾಜಿನ ಅಂಚಿಗೆ ಸೀಸದ ಅಕ್ಷರ ಇರಲಿಲ್ಲ ನೋಡಿ.

ಭಾನುವಾರ ಅನಾವರಣಕ್ಕೆ ಅವನು ಹೋಗುವಂತಿರಲಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಹೆಂಡತಿಯನ್ನು ಕೇಳಿದ.

"ಹೇಗಾಯ್ತೇ?"

"ನಗೆಕೂಟದ ಅಧ್ಯಕ್ಷರು ಪರದೆ ಎಳೆದ್ರು. ಹೊಟ್ಟೆ ಹಿಡ್ಕೊಂಡು ನಕ್ರು. ಅವರ ಜನಾನೂ ನಕ್ರು. ಆಮೇಲೆ ಅಧ್ಯಕ್ಷರು ಅವರ ಫೋಟೋ ಕೆಳಗೆ ಇದ್ದದ್ದು ಓದಿದ್ರು. ನಗು ನಿಂತೋಯ್ತು. ಅವರ ಜನ, 'ತಮಾಷೆಗೆ ಹಾಕಿದಾರೆ' ಅಂತ ಇನ್ನೂ ಜೋರಾಗಿ ನಕ್ರು. ಪಾಪ, ಅವರೂ ನಗಲೇಬೇಕಾಯ್ತು."

"ಮಿಕ್ಕೋರು?"

"ಯಾರೂ ಮಾತಾಡ್ಲಿಲ್ಲ. ಓದಿದ್ರು, ಹೋದ್ರು."

"ಮಾತೇ ಹೊರಡ್ಲಿಲ್ಲ ಅನ್ನು!" ಎಂದು ಉಸಿರಣ್ಣ ಎದೆಯುಬ್ಬಿಸಿದ. ಕಲೆಯ ಮುಂದೆ ಜನ ಮೂಕರಾಗುತ್ತಾರೆ ಎಂದು ಎಲ್ಲೋ ಕೇಳಿದ್ದ.

ಮೂಕತನ ಸೋಮವಾರ ಮುಗಿಯಿತು. ಮೊದಲು ಬಂದದ್ದು ಹಲ್ಲಿನ ಡಾಕ್ಟರ ಫೋನು.

"ಏನ್ರೀ ಬರೆದಿದೀರ ನನ್ನ ಮುಖದ ಕೆಳಗೆ? ಬಂದೋರು ಕುರ್ಚೀಲಿ ಕೂತು ಬಾಯೇ ತೆರೀತಿಲ್ಲ!"

"ನೀವು ಹೇಳಿದ್ದನ್ನೇ ಬರೆದಿದೀನಿ ಡಾಕ್ಟ್ರೇ. ಒಂದಕ್ಷರ ಆಚೀಚೆ ಆಗಿಲ್ಲ."

"ನಾನು ಅಂಥ ಮಾತು ಆಡಿಲ್ಲ!"

"ಒಳಗಿದ್ದದ್ದು ಹೊರಗೆ ಬಂದಾಗ ಮೊದಲು ಸ್ವಲ್ಪ ನೋಯತ್ತೆ. ಹಲ್ಲು ಕಿತ್ತ ಹಾಗೆ. ನಿಮಗೆ ನಾನು ಹೇಳ್ಬೇಕಾ?"

ಆ ಕಡೆಯಿಂದ ಬಂದ ಶಬ್ದ ಡಾಕ್ಟರದೋ ಅವರ ಯಂತ್ರದ್ದೋ ತಿಳಿಯಲಿಲ್ಲ. ಅದೇ ದಿನ ಮಧ್ಯಾಹ್ನ ಉಸಿರಣ್ಣನ ಹೆಂಡತಿ ಕೊರೆಸಿಕೊಂಡಿದ್ದ ದವಡೆಹಲ್ಲಿಗೆ ಸಿಮೆಂಟು ತುಂಬಿಸಲು ಹೋದಳು. ತುಂಬದ ಹಲ್ಲಿನೊಡನೆ, ಊದಿದ ಕೆನ್ನೆಯೊಡನೆ ಮರಳಿದಳು.

"ನಿಮ್ಮ ಯಜಮಾನರಿಗೇ ಬಾಯಿ ತೋರ್ಸಿ, ಎಕ್ಸ್‌ರೇ ತೆಗೀತಾರೆ ಅಂದ್ರು ಆಯಪ್ಪ! ಅರ್ಧ ಕೊರೆದ ಹಲ್ಲು ಇದು, ಅರ್ಧ! ನಿಮ್ಮ ಕಲೆಗೆ ಬೆಂಕಿ ಬೀಳಾ!"

"ಸತ್ಯಕ್ಕೆ ಸ್ವಲ್ಪ ನಷ್ಟ ಆಗತ್ತೆ ಕಣೇ."

"ನಷ್ಟ ಯಾರ ಬಾಯಲ್ಲಿ ಆಗ್ತಿದೆ ನೋಡ್ರೀ!" ಎಂದು ಆಕೆ ಬಾಯಿ ತೆರೆದು ತೋರಿಸಿದಳು. ಉಸಿರಣ್ಣ ಅಭ್ಯಾಸಬಲದಿಂದ ಅದನ್ನು ಬೆಳಕಿಗೆ ಹಿಡಿದು ನೋಡಲು ಹೋದ. ಅವತ್ತು ಸಂಜೆ ಅವನಿಗೆ ಕಾಫಿ ಸಿಗಲಿಲ್ಲ.

ಮರುದಿನ ವ್ಯಾನಿನ ಚಾಲಕ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಸಾರ್, ಮಕ್ಕಳು ನನ್ನ ವ್ಯಾನು ಹತ್ತಲ್ಲ ಅಂತಾವೆ. ತಾಯಂದಿರು ಮೂರು ಜನ ಬಂದು ವ್ಯಾನು ತಡಕಾಡಿದ್ರು. ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ್ರು. ಏನು ಹುಡುಕ್ತಿದೀರಿ ಅಂದ್ರೆ, 'ಇಕ್ಕಳ ಎಲ್ಲಿಟ್ಟಿದೀಯ' ಅಂತಾರೆ!"

ಇಕ್ಕಳದ ಮಾತಿಗೆ ಉಸಿರಣ್ಣ ಒಂದು ಗಳಿಗೆ ಹುಬ್ಬು ಗಂಟಿಕ್ಕಿದ. ಆದರೆ ಉಪದೇಶ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. "ಮಕ್ಕಳ ವಿಷಯದಲ್ಲಿ ಹಾಗೆ ಮಾತಾಡೋದಾ ನೀನು? ತಾಯಿ ಕರುಳು ಸುಮ್ನಿರತ್ತಾ?"

"ನಾನೇನು ಮಾತಾಡಿದೆ?"

"ಗಾಜಿನ ಮೇಲೆ ಬಂದ್ಮೇಲೆ ಎಲ್ಲರೂ ಹೀಗೇ ಕೇಳ್ತಾರಪ್ಪ."

ಆಮೇಲೆ ವೆಲ್ಡರ್ ಬಂದ. ಅವನು ಬಾಗಿಲಲ್ಲಿ ನಿಲ್ಲಲಿಲ್ಲ; ಅವನು ನಿಂತರೆ ಬಾಗಿಲು ಉಳಿಯುತ್ತಿರಲಿಲ್ಲ. ಸೀದಾ ಒಳಗೆ ಬಂದು ಎಕ್ಸ್‌ರೇ ಮೇಜಿಗೆ ಗುದ್ದಿದ. ಮೇಲೆ ಮಲಗಿದ್ದ ರೋಗಿ ಉಸಿರು ಬಿಗಿ ಹಿಡಿದ, ಯಾರೂ ಹೇಳದೆಯೇ.

"ನನ್ನ ಬೀದೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ ಕಣ್ರೀ! ದಾರೀಲಿ ಹೋಗೋ ಮುದುಕೀರು ನನ್ನ ಕೈ ಸವರಿ 'ನೋವಿದೆಯಾ ಮಗಾ' ಅಂತಾರೆ!"

"ಬೀದಿ ಜನ ಹೆದರಿ ಸಮಾಧಾನ ಮಾಡ್ತಿದಾರೆ. ನಿಮ್ಮ ಮಾತಿನ ಶಕ್ತಿ ಅದು. ಅಂಗಡಿ ಮುಂದೆ ಗಾಡಿ ನಿಲ್ಸೋದು ಕಮ್ಮಿ ಆಗಿರ್ಬೇಕಲ್ಲ?"

"ಕಮ್ಮಿಯಾ? ಮೊದ್ಲು ಸ್ಕೂಟರ್ ನಿಲ್ಲಿಸ್ತಿದ್ರು. ಈಗ ಲಾರಿ ನಿಲ್ಸಿದಾನೆ, ಲಾರಿ! ಯಾಕೋ ಅಂದ್ರೆ 'ಇರ್ಲಿ ಬಿಡಿ' ಅಂತ ನಗ್ತಾನೆ! ಭಾನುವಾರದೊಳಗೆ ಅದನ್ನ ಕಿತ್ತು ಹಾಕ್ಲಿಲ್ವೋ, ಅಂಗಡಿ ಗಾಜಿಗೆ ನಾನೇ ಬರ್ತೀನಿ. ಬರಿಗೈಲಿ ಬರಲ್ಲ."

ಬೇರೆ ಯಾರಾದರೂ ಈ ಹೊತ್ತಿಗೆ ಎದ್ದು ಹೋಗಿ ಗಾಜು ನೋಡುತ್ತಿದ್ದರು. ಉಸಿರಣ್ಣನಿಗೆ ಭಾವನಿಗೆ ಕೊಟ್ಟ ಮಾತು ಅಡ್ಡ ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಕೈಯಿಂದ ತಪ್ಪಾಗದು ಎಂಬ ಭರವಸೆ ಅಡ್ಡ ಬಂತು. ಈಗ ಅವನಿಗೂ ಊರಿನ ಮೇಲೆ ಸಿಟ್ಟು ಬಂದಿತ್ತು. ಹೇಳುವಾಗ ಗಂಟೆಗಟ್ಟಲೆ ಹೇಳುತ್ತಾರೆ, ಬರೆದರೆ ನಾನಲ್ಲ ಎನ್ನುತ್ತಾರೆ. ಥೂ, ಬೆನ್ನುಮೂಳೆಯೇ ಇಲ್ಲದ ಜನ! ಅವರೆಲ್ಲರಿಗೂ ಬೆನ್ನುಮೂಳೆ ಇರುವುದನ್ನು ಸ್ವತಃ ನೋಡಿದ್ದವನು ಅವನೇ, ಆದರೂ ಹಾಗೆಂದುಕೊಂಡ.

ಶನಿವಾರ ಪಾರ್ಸಲ್ ಕೌಂಟರಿನ ಅಮ್ಮ ಬಂದರು. ಕೈಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ. ಉಸಿರಣ್ಣ ಮೊದಲು ಮೊಣಕೈ ನೋಡಿದ, ಆಮೇಲೆ ಗುರುತಾಯಿತು.

"ನಿಮಗೆ ಹೇಗೆ ಹೇಳ್ಬೇಕೋ ತಿಳೀತಿಲ್ಲ," ಎಂದರು ಅವರು. "ನನ್ನ ಮೇಜು ಕಿಟಕಿ ಪಕ್ಕಕ್ಕೆ ಬಂತು."

ಉಸಿರಣ್ಣನ ಕಣ್ಣು ತುಂಬಿತು. ಇಡೀ ವಾರದಲ್ಲಿ ಬಯ್ಯದೆ ಮಾತಾಡಿದವರು ಇವರೊಬ್ಬರೇ. "ಹೇಗೆ? ಹೇಗಾಯ್ತು ಹೇಳಿ!"

"ನಮ್ಮ ಹೆಡ್‌ಕ್ಲಾರ್ಕು ನಿಮ್ಮ ಗಾಜು ನೋಡಿ ಬಂದ್ರು. ಬಂದೋರು ಕೂರ್ಲಿಲ್ಲ. ನನ್ನ ಹತ್ರ ಬಂದು ನೀರು ಬೇಕಾ ಅಂದ್ರು. ಬೇರೆಯವರೂ ಹೋಗಿ ನೋಡ್ಕೊಂಡು ಬಂದ್ರು. ಬಾಗಿಲ ಹಿಂದಿನ ಜಾಗಕ್ಕೆ ಯಾರು ಹೋಗೋದು ಅಂತ ಗಲಾಟೆ ಆಯ್ತು. ಕಡೆಗೆ ಹೆಡ್‌ಕ್ಲಾರ್ಕೇ ತಮ್ಮ ಕಿಟಕಿ ಬಿಟ್ಟುಕೊಟ್ಟು ಬಾಗಿಲ ಹಿಂದೆ ಕೂತ್ರು. ಗುರುತು ಮಾಡಿದ್ದು ತಮ್ಮನ್ನೇ ಅಂತ ಅವರಿಗೆ ಅನುಮಾನ."

"ಗುರುತು?"

"ಅದೇ, ಮೂಳೆ ಎಣಿಸಿ ಕೈಗೆ ಕೊಡ್ತೀನಿ ಅಂತ ಇದೆಯಲ್ಲ. ನಾನು ಹಾಗೆ ಅಂದ ನೆನಪಿಲ್ಲ. ಆದ್ರೆ ನೀವು ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ರಿ!"

ಉಸಿರಣ್ಣ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡವನು ಹಾಗೆಯೇ ನಿಂತ. ಅವನ ಕಣ್ಣ ಮುಂದೆ ಮೋಡದ ಪರದೆ ಬಂತು, ಗಾಜು ಬಂತು, ಒಳಗಿನ ಎಡ ಬಂತು, ಹೊರಗಿನ ಎಡ ಬಂತು. ಒಂದು ಐದಕ್ಕೆ ಹೋಗಿತ್ತು, ಎರಡು ನಾಲ್ಕಕ್ಕೆ. ಇಕ್ಕಳ. ಮುದುಕಿಯರು. ಲಾರಿ. ಗಾಜಿಗೆ ಎರಡು ಕಡೆ ಇದೆ.

"ಅಯ್ಯೋ," ಎಂದ. ಬಿಸ್ಕತ್ತಿನ ಪುಡಿ ಹಾರಿತು. "ಅಮ್ಮಾ, ಅದು ನಿಮ್ಮ ಮಾತಲ್ಲ. ವೆಲ್ಡರಂದು. ಚೀಟಿ ಅದಲು ಬದಲಾಗಿದೆ. ನಾಳೆ ಬೆಳಿಗ್ಗೆಯೇ ಸರಿ ಮಾಡ್ತೀನಿ."

ಅವರ ಮುಖದಿಂದ ಕಿಟಕಿಯ ಬೆಳಕು ಹೊರಟುಹೋಯಿತು. "ಸರಿ ಮಾಡ್ಬೇಡಿ," ಎಂದರು. "ಸರಿ ಮಾಡಿದ್ರೆ ಸೋಮವಾರ ನನ್ನ ಮೇಜು ವಾಪಸ್ ಬಾಗಿಲ ಹಿಂದೆ." ಆಮೇಲೆ ಅಭ್ಯಾಸದಂತೆ "ಇರ್ಲಿ ಬಿಡಿ" ಎಂದು ಎದ್ದು ಹೋದರು. ಬಿಸ್ಕತ್ತಿನ ಪೊಟ್ಟಣವನ್ನು ವಾಪಸ್ ತೆಗೆದುಕೊಳ್ಳಲೂ ಇಲ್ಲ. ಅದು ಉಸಿರಣ್ಣನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಭಾನುವಾರ ಅಂಗಡಿಯ ಮುಂದೆ ಊರೇ ಸೇರಿತ್ತು. ವೆಲ್ಡರ್ ಸುತ್ತಿಗೆ ಹಿಡಿದು ಬಂದಿದ್ದ. ಡಾಕ್ಟರು, ಚಾಲಕ, ಇಬ್ಬರು ತಾಯಂದಿರು, ನಗೆಕೂಟದ ಪೂರ್ತಿ ಸಾಲು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಹೆಂಡತಿ. ಒಂದು ಮೂಲೆಯಲ್ಲಿ ಟಪಾಲು ಕಚೇರಿಯ ಹೆಡ್‌ಕ್ಲಾರ್ಕು ಮೊಣಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಅವರಿಗೆ ಸ್ವಲ್ಪ ದೂರದಲ್ಲಿ ಪಾರ್ಸಲ್ ಕೌಂಟರಿನ ಅಮ್ಮ, ಯಾರಿಗೂ ಅಡ್ಡವಾಗದಂತೆ. ಭಾವನವರು ಮೆಟ್ಟಿಲ ಮೇಲೆ ಕೈ ಚಾಚಿ ನಿಂತಿದ್ದರು, ಕ್ಯಾಮೆರಾ ಇಸಿದುಕೊಳ್ಳಲು.

"ಏನು ಅಳಿಯಂದ್ರೇ, ತಪ್ಪೋ ಸರಿಯೋ?"

ಉಸಿರಣ್ಣನ ಕೊರಳಲ್ಲಿ ಕ್ಯಾಮೆರಾ ಕೊನೆಯ ಬಾರಿಗೆಂಬಂತೆ ತೂಗುತ್ತಿತ್ತು. ಸರಿ ಎಂದರೆ ಕ್ಯಾಮೆರಾ ಉಳಿಯುತ್ತದೆ, ಕಿಟಕಿಯೂ ಉಳಿಯುತ್ತದೆ. ಆದರೆ ಒಬ್ಬರ ಮೂಳೆ ಇನ್ನೊಬ್ಬರ ಹೆಸರಿಗೆ! ಅವನ ವೃತ್ತಿ ಅದಕ್ಕೆ ಒಪ್ಪಲಿಲ್ಲ. "ತಪ್ಪು," ಎಂದ. "ಫೋಟೋ ಒಳಗಿಂದ ಅಂಟಿಸ್ದೆ, ಚೀಟಿ ಹೊರಗಿಂದ. ಎಲ್ಲಾ ತಿರುಗಾಮುರುಗಾ ಆಗಿದೆ."

"ಹಾಗಾದ್ರೆ ನನ್ನದೂ ತಪ್ಪು!" ಎಂದು ನಗೆಕೂಟದ ಅಧ್ಯಕ್ಷರು ಎರಡೂ ಕೈ ಎತ್ತಿದರು. "ನಾನು ಹೇ‍ಳ್ಲಿಲ್ವಾ? ಹ ಹ ಹ! ನನ್ನದಲ್ಲ ಅದು!"

"ಇಲ್ಲ ಸಾರ್," ಎಂದ ಉಸಿರಣ್ಣ, ನಿಖರತೆಯ ರೋಗ ಹಿಡಿದವನು. "ಐದರಲ್ಲಿ ಮೂರನೆಯದು ನಡುವೆ. ಎಡದಿಂದ ಎಣಿಸಿದ್ರೂ ಬಲದಿಂದ ಎಣಿಸಿದ್ರೂ ಮೂರೇ. ನಿಮ್ಮದೊಂದೇ ಸರಿಯಾಗಿರೋದು."

ಕೂಟದ ಸಾಲು ಅಧ್ಯಕ್ಷರ ಕಡೆ ತಿರುಗಿತು. ಅವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಒದ್ದಾಡಿ ಸತ್ತಿತು.

"ಹೌದು ಕಣ್ರೀ!" ಎಂದು ಅವರು ಕಿರುಚಿದರು. "ಏನೀಗ? ನಗಬೇಕಂತೆ, ನಗಬೇಕು! ನನ್ನ ಮಂಡಿ ನೋಯತ್ತೆ, ನನ್ನ ಪಿಂಚಣಿ ಕಾಗದ ಸಿಕ್ಕಿಲ್ಲ, ಯಾಕ್ರೀ ನಗಬೇಕು? ನಿಮ್ಮ ಹಲ್ಲು ನೋಡಿ ನೋಡಿ ನನಗೆ ಸಾಕಾಗಿಹೋಗಿದೆ!"

ಹಲ್ಲಿನ ಡಾಕ್ಟರು ತಮಗೇ ಅಂದರೆಂದು ತಿಳಿದು ಅವರ ಮೇಲೆ ಏರಿ ಹೋದರು. ಚಾಲಕ ತಾಯಂದಿರ ಮುಂದೆ ತನ್ನ ನಿಜವಾದ ಚೀಟಿಯನ್ನು ಬೀಗುತ್ತ ಓದಿಸಿದ. ಓದಿ ಮುಗಿಸಿದ ತಾಯಂದಿರು ಮೊದಲಿಗಿಂತ ಹೆಚ್ಚು ಬಯ್ಯತೊಡಗಿದರು. ಈ ಗದ್ದಲದ ನಡುವೆ ವೆಲ್ಡರ್ ಸುತ್ತಿಗೆ ಎತ್ತಿದ.

"ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ. ನನ್ನ ಸಿಟ್ಟು ನನಗೆ ಕೊಡ್ರೀ ಮೊದ್ಲು!" ಎಂದು ಪಾರ್ಸಲ್ ಅಮ್ಮನ ಫೋಟೋದ ಕೆಳಗಿನ ಚೀಟಿಗೆ ಉಗುರು ಹಾಕಿದ. ಚೀಟಿಯ ಒಂದು ಮೂಲೆ ಎದ್ದಿತು.

ಹೆಡ್‌ಕ್ಲಾರ್ಕರ ಮುಖ ಅರಳಿತು. "ಓ, ಅದು ಇವರದಲ್ವಾ? ಅದನ್ನೇ ನಾನೂ ಅಂದ್ಕೊಂಡೆ. ಹಾಗಾದ್ರೆ ಅಮ್ಮಾ, ನಾಳೆ ಬೆಳಿಗ್ಗೆ ಬೇಗ ಬನ್ನಿ. ಮೇಜು ಎಳೆಯೋದಿದೆ."

"ಮುಟ್ಬೇಡ ಅದನ್ನ!"

ದನಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ವೆಲ್ಡರ್ ತನ್ನ ಹಿಂದೆ ನೋಡಿದ, ಮೇಲೆ ನೋಡಿದ, ಕಡೆಗೆ ಕೆಳಗೆ ನೋಡಿದ. ಪಾರ್ಸಲ್ ಕೌಂಟರಿನ ಅಮ್ಮ ಅವನ ಎದೆಯ ಮಟ್ಟದಲ್ಲಿ ನಿಂತಿದ್ದರು.

"ಎಷ್ಟು ವರ್ಷ ಕಣಯ್ಯಾ! ನಿಂಗೇನು, ಲಾರಿ ನಿಂತ್ರೆ ಸುತ್ತಿಗೆ ಇದೆ, ಮೀಸೆ ಇದೆ. ನಂಗೆ ಏನಿತ್ತು? ಬಡೀತಾ ಇತ್ತು, ಬಡೀತಾ ಇತ್ತು, ಇರ್ಲಿ ಅಂದೆ! ಎರಡು ಸಲ ಮೂಳೆ ಬಿರುಕು ಬಿಟ್ಟಿದೆ, ಕೇಳು ಆ ಎಕ್ಸ್‌ರೇ ಅಣ್ಣನ್ನ! ಈ ಚೀಟಿ ಕಿತ್ತು ನೋಡು, ನಿನ್ನ ಮೂಳೆ ಎಣಿಸಲ್ಲ, ಎಣಿಸೋಕೆ ಒಂದೂ ಉಳಿಸಲ್ಲ!" ಆಮೇಲೆ ಸುಂಟರಗಾಳಿಯ ಹಾಗೆ ಹೆಡ್‌ಕ್ಲಾರ್ಕರ ಕಡೆ ತಿರುಗಿದರು. "ರೀ, ಮೇಜು ಎಳೀತೀರಾ? ಎಳೀರಿ! ಮುಟ್ಟಿ ನೋಡೋಣ! ಗುರುತು ಮಾಡಿದ್ದು ನಿಮ್ಮನ್ನೇ ಕಣ್ರೀ!"

ಉಸಿರಣ್ಣ ಆಗ ಏನನ್ನೂ ಯೋಚಿಸಲಿಲ್ಲ. ಕ್ಯಾಮೆರಾ ಎತ್ತಿದ, ಗುಂಡಿ ಒತ್ತಿದ. ಈ ಸಲ 'ಉಸಿರು ಬಿಗಿ ಹಿಡೀರಿ' ಎಂಬ ಮಾತು ಬಾಯಿಂದ ಬರಲಿಲ್ಲ.

ವೆಲ್ಡರ್ ಸುತ್ತಿಗೆ ಇಳಿಸಿ, ಎದ್ದಿದ್ದ ಚೀಟಿಯ ಮೂಲೆಯನ್ನು ತನ್ನ ದಪ್ಪ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಅಂಟಿಸಿದ. "ಈಯಮ್ಮಂದೇ ಇದು," ಎಂದ. "ನನಗೆ ಇಷ್ಟು ಬರಲ್ಲ."

ಒಪ್ಪಂದದಂತೆ ಉಸಿರಣ್ಣ ಕ್ಯಾಮೆರಾವನ್ನು ಕೊರಳಿಂದ ತೆಗೆದು ಭಾವನ ಕೈಗಿಟ್ಟ. ಭಾವ ಗೆದ್ದವರ ಗತ್ತಿನಲ್ಲಿ ಒಳಗೆ ಹೋಗಿ ಕೊನೆಯ ಚಿತ್ರವನ್ನು ಕಂಪ್ಯೂಟರಿನ ಪರದೆಗೆ ತಂದರು, ನಾಲ್ಕು ಜನರ ಮುಂದೆ ನಗಬೇಕಲ್ಲ.

"ಅಲುಗಿದೆ," ಎಂದರು. ನಗಲಿಲ್ಲ.

ಅಲುಗಿತ್ತು ನಿಜ. ಪಾರ್ಸಲ್ ಅಮ್ಮನ ಕೈ, ಕೂದಲು, ಬಾಯಿ ಒಂದೂ ನಿಂತಿರಲಿಲ್ಲ. ಬೆಂಕಿಯ ನಾಲಿಗೆಯಂತೆ ಚಿತ್ರದ ನಡುವೆ ಹಾದುಹೋಗಿದ್ದರು. ಆದರೆ ಅವರ ಸುತ್ತ ಇದ್ದವರು, ಸುತ್ತಿಗೆ ಎತ್ತಿದ ವೆಲ್ಡರ್, ಡಾಕ್ಟರು, ಚಾಲಕ, ಅಧ್ಯಕ್ಷರು, ಗೋಡೆಗೆ ಅಂಟಿಕೊಂಡ ಹೆಡ್‌ಕ್ಲಾರ್ಕು, ಎಲ್ಲರೂ ಕೂದಲೆಳೆಯಷ್ಟೂ ಮಸುಕಿಲ್ಲದೆ ಸ್ಪಷ್ಟ. ಒಬ್ಬೊಬ್ಬರೂ ಉಸಿರು ಬಿಗಿ ಹಿಡಿದಿದ್ದರು. ಮೆಟ್ಟಿಲ ಮೇಲೆ ಕೈ ಚಾಚಿ ನಿಂತಿದ್ದ ಭಾವನವರಂತೂ ಕಣ್ಣು ಹೊರಬಿದ್ದು, ಕೆನ್ನೆ ಊದಿ, ನೀರಲ್ಲಿ ಮುಳುಗುತ್ತಿರುವವರ ಥರವೇ ಇದ್ದರು.

ಭಾವ ಕಂಪ್ಯೂಟರಿನ ಮೌಸು ಹಿಡಿದರು. ತಮ್ಮ ಮುಖದ ಮೇಲೆ ಅಳಿಸುವ ಬಾಣ ಒಯ್ದರು, ವಾಪಸ್ ತಂದರು. ಆಮೇಲೆ ಸಿಡಿಮಿಡಿಗುಟ್ಟುತ್ತ ಅದನ್ನು ದೊಡ್ಡದಾಗಿ ಮುದ್ರಿಸಿ ತಾವೇ ಗಾಜಿಗೆ ಅಂಟಿಸಿದರು.

"ಕೆಳಗೆ ಏನು ಬರೀಲಿ ಭಾವ?" ಎಂದ ಉಸಿರಣ್ಣ, ಜೇಬಿಗೆ ಕೈ ಹಾಕುತ್ತ.

ಭಾವನಿಗೆ ಈಗ ನಿಜವಾಗಿ ಸಿಟ್ಟು ಬಂತು. ಕ್ಯಾಮೆರಾವನ್ನು ಅವನ ಎದೆಗೆ ಕುಕ್ಕಿದರು. "ತಗೊಳ್ಳಿ, ಇದು ನೀವೇ ಇಟ್ಕೊಳ್ಳಿ! ಆ ಪೆನ್ನು ಕೊಡಿ ಇಲ್ಲಿ!"

ಪೆನ್ನು ಭಾವನ ಕಪಾಟಿಗೆ ಹೋಯಿತು. ಇಂದಿಗೂ ಅಲ್ಲೇ ಇದೆ.

ಆ ಫೋಟೋದ ಒಂದು ಪ್ರತಿ ಕೊಡಲೆಂದು ಉಸಿರಣ್ಣ ಮುಂದಿನ ವಾರ ಟಪಾಲು ಕಚೇರಿಗೆ ಹೋದಾಗ ವೆಲ್ಡರ್ ಅವನಿಗಿಂತ ಮೊದಲೇ ಅಲ್ಲಿದ್ದ. ಬಾಗಿಲು ಪೂರ್ತಿ ತೆರೆಯದಂತೆ ನೆಲಕ್ಕೆ ಕೂರಿಸುವ ಒಂದು ಕಬ್ಬಿಣದ ತಡೆಯನ್ನು ಮಾಡಿ ತಂದಿದ್ದ. ಕಿಟಕಿಯ ಬೆಳಕಿನಲ್ಲಿ ಕೂತ ಪಾರ್ಸಲ್ ಅಮ್ಮನ ಮುಂದೆ ಅದನ್ನು ಹಿಡಿದು ಕೇಳುತ್ತಿದ್ದ:

"ಇದನ್ನ ಬಾಗಿಲಿಗೆ ಹಾಕ್ಲಾ ಅಮ್ಮಾ? ಹಾಕಿದ್ರೆ ಹಿಂದೆ ಕೂತೋರಿಗೆ ಬಡಿಯಲ್ಲ."

ಅಷ್ಟರಲ್ಲಿ ಉಸಿರಣ್ಣನ ಬೆನ್ನ ಹಿಂದಿನಿಂದ ಯಾರೋ ಬಾಗಿಲು ನೂಕಿಕೊಂಡು ಬಂದರು. ಬಾಗಿಲ ಹಿಂದೆ ದಢ್ ಎಂದಿತು, ಹೆಡ್‌ಕ್ಲಾರ್ಕರ "ಅಮ್ಮಾ!" ಕೇಳಿಸಿತು.

ಪಾರ್ಸಲ್ ಅಮ್ಮ ರಸೀದಿಗೆ ಮುದ್ರೆ ಒತ್ತಿದರು, ತಲೆ ಎತ್ತಲಿಲ್ಲ.

"ಇರ್ಲಿ ಬಿಡಿ," ಎಂದರು.